ಮ್ಯಾನೇಜ್ಡ್ ವಿಪಿಎಸ್ ತಗೊಂಡ ಮೇಲೆ ನನಗೆ ಗೊತ್ತಾಗಿದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಒಂಟಿ ರೂಮಿನ ಆಫೀಸು. ಹೋಮ್‌ಸ್ಟೇ, ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಮಂಡ್ಯದ ಬೆಲ್ಲದ ವ್ಯಾಪಾರಿ ಅಂತ ಒಟ್ಟು ಹನ್ನೊಂದು ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಎಲ್ಲಾ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಮೊದಲು ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಕಡೆ ಇದ್ದವು. ಅದು ವಠಾರದ ಮನೆ ಇದ್ದ ಹಾಗೆ, ಪಕ್ಕದವರು ನಲ್ಲಿ ತಿರುಗಿಸಿದರೆ ನಮ್ಮ ಬಕೆಟ್ ತುಂಬಲ್ಲ.

2021ರಲ್ಲಿ ಧೈರ್ಯ ಮಾಡಿ ಸ್ವಂತಕ್ಕೆ ಒಂದು ವಿಪಿಎಸ್ ತಗೊಂಡೆ, ಅಂದರೆ ದೊಡ್ಡ ಸರ್ವರ್‌ನಲ್ಲಿ ನಮಗಂತಲೇ ಬೇರೆ ಮಾಡಿಟ್ಟ ಪಾಲು. ಸೆಂಟ್‌ಓಎಸ್ 7 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಸರ್ವರ್‌ನ ಪೂರ್ತಿ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ನನ್ನ ಕೈಯಲ್ಲೇ. ಖುಷಿಯಾಗಿತ್ತು. ಸರ್ವರ್‌ನ ಲಾಗ್ (ಯಾರು ಬಂದರು, ಏನಾಯಿತು ಅನ್ನೋ ದಾಖಲೆ) ತೆಗೆದು ನೋಡಿದರೆ ರಾತ್ರಿಯೆಲ್ಲಾ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಾ ಬಾಗಿಲು ತಟ್ಟುತ್ತಿದ್ದರು, ಅದನ್ನು ನೋಡಿ ನಿದ್ದೆ ಹೋಯಿತು ಅಷ್ಟೇ. ಅಪ್‌ಡೇಟ್ ನಾನೇ, ಫೈರ್‌ವಾಲ್ ನಾನೇ, ಮದುವೆ ಮನೆಯಲ್ಲಿ ಕೂತು ಫೋನಿನಲ್ಲಿ ಸರ್ವರ್ ರೀಸ್ಟಾರ್ಟ್ ಮಾಡಿದವನೂ ನಾನೇ. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ನಿಲ್ಲುತ್ತದೆ ಅಂತಾದಾಗ ಸಾಕಪ್ಪಾ ಅನ್ನಿಸಿತು. ಹನ್ನೊಂದು ಸೈಟನ್ನು ಎತ್ತಿ ಹೊಸ ಸರ್ವರ್‌ಗೆ ಇಡುವುದು ಹೇಗೂ ಆಗಲೇಬೇಕಿತ್ತು. ಆ ವರ್ಷ ಮೇನಲ್ಲಿ ಮ್ಯಾನೇಜ್ಡ್ ವಿಪಿಎಸ್‌ಗೆ ಹೋದೆ, ಅಂದರೆ ಸರ್ವರನ್ನು ಹೋಸ್ಟಿಂಗ್ ಕಂಪನಿಯವರೇ ನೋಡಿಕೊಳ್ಳುವ ವಿಪಿಎಸ್. 4 ಜಿಬಿ ರ್ಯಾಮ್, 80 ಜಿಬಿ ಡಿಸ್ಕ್, ಆಪರೇಟಿಂಗ್ ಸಿಸ್ಟಮ್ ಅಲ್ಮಾಲಿನಕ್ಸ್, ಮೇಲೆ ಸೈಟ್, ಮೇಲ್ ಎಲ್ಲಾ ಬ್ರೌಸರ್‌ನಲ್ಲೇ ನಿಭಾಯಿಸುವ ಸಿಪ್ಯಾನೆಲ್. ಖರ್ಚು ಹೆಚ್ಚುಕಮ್ಮಿ ಡಬಲ್. ಅದರಲ್ಲಿ ಸಿಪ್ಯಾನೆಲ್‌ದೇ ಒಂದು ಪಾಲು, 2019ರಿಂದ ಅದರ ಲೈಸೆನ್ಸ್ ಅಕೌಂಟ್ ಲೆಕ್ಕದಲ್ಲಿ ಬರುತ್ತದೆ. ಸೈಟ್ ಹೆಚ್ಚಾದ ಹಾಗೆ ಬಿಲ್ಲೂ ಹೆಚ್ಚುತ್ತದೆ, ಕೇಳಿಕೊಂಡೇ ತಗೊಳ್ಳಿ.

ಸೈಟ್ ಸಾಗಿಸುವ ಕೆಲಸ ಕಂಪನಿಯವರೇ ಮಾಡಿಕೊಟ್ಟರು, ಚೆನ್ನಾಗೇ ಮಾಡಿದರು. ನನ್ನ ಪಾಲಿಗೆ ಬಂದಿದ್ದು ಎರಡು ಕೆಲಸ. ಹಿಂದಿನ ದಿನವೇ ಡಿಎನ್ಎಸ್‌ನಲ್ಲಿ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದೆ, ಹೊಸ ಐಪಿ ವಿಳಾಸ ಎಲ್ಲರಿಗೂ ಬೇಗ ಮುಟ್ಟಲಿ ಅಂತ. ಬೆಲ್ಲದ ಅಂಗಡಿಯ ಆರ್ಡರ್ ಒಂದು ರಾತ್ರಿ ನಿಲ್ಲಿಸಿದೆ, ಇಲ್ಲಾಂದ್ರೆ ಅರ್ಧ ಆರ್ಡರ್ ಹಳೇ ಡೇಟಾಬೇಸ್‌ನಲ್ಲಿ ಬಿದ್ದಿರುತ್ತಿದ್ದವು.

ಆಮೇಲೆ ನಾಲ್ಕು ತಿಂಗಳು ಸುಮ್ನೆ ಕೂತಿದ್ದೆ. ಮ್ಯಾನೇಜ್ಡ್ ಅಲ್ವಾ, ಎಲ್ಲಾ ಅವರೇ ನೋಡ್ಕೋತಾರೆ ಅಂತ.

ಅಕ್ಟೋಬರ್ 10, ಜಂಬೂಸವಾರಿಗೆ ಇನ್ನೆರಡೇ ದಿನ. ರಾತ್ರಿ ಒಂಬತ್ತೂವರೆಗೆ ಹೋಮ್‌ಸ್ಟೇ ಮೇಡಂ ಫೋನ್. "ಏನ್ರೀ, ಬುಕಿಂಗೇ ತಗೋತಿಲ್ಲ, ಬೆಂಗಳೂರಿಂದ ಮೂರು ಜನ ಫೋನ್ ಮಾಡಿ ಬೈದ್ರು ನನಗೆ." ತೆಗೆದು ನೋಡಿದೆ. ಡೇಟಾಬೇಸ್ ಸಿಗುತ್ತಿಲ್ಲ ಅನ್ನೋ ಬಿಳಿ ಪುಟ. ಅವರದ್ದು ಮಾತ್ರ ಅಲ್ಲ, ಹನ್ನೊಂದೂ ಹಾಗೇ. ಹೊರಗೆ ರಸ್ತೆಯೆಲ್ಲಾ ದೀಪಾಲಂಕಾರ, ಒಳಗೆ ನನ್ನ ಮುಖದಲ್ಲಿ ಕಳೆಯೇ ಇಲ್ಲ.

ಕಂಪನಿಗೆ ಟಿಕೆಟ್ (ಆನ್‌ಲೈನ್ ದೂರು) ಹಾಕಿದೆ. ಹನ್ನೆರಡು ನಿಮಿಷಕ್ಕೆ ಉತ್ತರ ಬಂತು. ಸರ್ವರ್ ಸರಿಯಾಗಿದೆ, ಡಿಸ್ಕ್ 100 ಪರ್ಸೆಂಟ್ ತುಂಬಿದೆ, ಬರೆಯಲು ಜಾಗ ಇಲ್ಲದೆ ಡೇಟಾಬೇಸ್ ನಿಂತಿದೆ, ತುಂಬಿಸಿದ್ದು ನಿಮ್ಮ ಬ್ಯಾಕಪ್ ಪ್ಲಗಿನ್, ಅಳಿಸಲೇ? ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ಆಮೇಲೆ ನೆನಪಾಯಿತು. ದಸರಾ ಬಂತಲ್ಲ, ಯಾವುದಕ್ಕೂ ಇರಲಿ ಅಂತ ಸೆಪ್ಟೆಂಬರ್ ಕೊನೆಗೆ ಸೈಟಿನ ನಕಲು ತೆಗೆದಿಡುವ ಆ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿದ್ದು ನಾನೇ. ಫೋಟೋ ಗ್ಯಾಲರಿ ಇರೋ ಹೋಮ್‌ಸ್ಟೇ ಸೈಟ್ ಒಂದರದ್ದೇ ದಿನಕ್ಕೆ 2.6 ಜಿಬಿ ಜಿಪ್, ಅದೇ ಡಿಸ್ಕಿನಲ್ಲಿ, ಹದಿನೇಳು ರಾತ್ರಿ. ಹಳೆಯದನ್ನು ಅಳಿಸು ಅನ್ನೋ ಟಿಕ್ ಹಾಕಿರಲಿಲ್ಲ. 44 ಜಿಬಿ ಅಲ್ಲೇ ಹೋಯಿತು. "ಎಚ್ಚರಿಕೆ ಯಾಕೆ ಕೊಡಲಿಲ್ಲ" ಅಂತ ಬರೆದೆ. 90 ಪರ್ಸೆಂಟ್ ದಾಟಿದಾಗ ಎರಡು ಮೇಲ್ ಕಳಿಸಿದ್ದೇವೆ ಅಂದರು. ಕಳಿಸಿದ್ದರು, ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೇ ಮೇಲ್ ಐಡಿಗೆ.

ಎಲ್ಲಾ ಮತ್ತೆ ಎದ್ದು ನಿಂತಾಗ ಹನ್ನೊಂದೂವರೆ. ಇಲ್ಲಿ ಇನ್ನೊಂದು ವಿಷಯ. ಅವರ ಅಗ್ರಿಮೆಂಟ್‌ನಲ್ಲಿ 99.9 ಪರ್ಸೆಂಟ್ ಅಪ್‌ಟೈಮ್, ಅಂದರೆ ಅಷ್ಟು ಹೊತ್ತು ಸರ್ವರ್ ನಡೆಯುತ್ತಿರುತ್ತದೆ ಅಂತಿತ್ತು. ಲೆಕ್ಕ ಹಾಕಿದರೆ ತಿಂಗಳಿಗೆ 43 ನಿಮಿಷ ನಿಲ್ಲಬಹುದು ಅಂತಾಯಿತು. ನನ್ನ ಎರಡು ಗಂಟೆ ಅದರ ಲೆಕ್ಕಕ್ಕೇ ಬರಲಿಲ್ಲ. ಅವರ ನೆಟ್‌ವರ್ಕ್, ಅವರ ಯಂತ್ರ ನಿಂತರೆ ಮಾತ್ರ ಲೆಕ್ಕ.

ಮರುವಾರ ಕೂತು ಯಾವುದು ಅವರದು, ಯಾವುದು ನನ್ನದು ಅಂತ ಬರಹದಲ್ಲೇ ಕೇಳಿದೆ. ಇದನ್ನು ದುಡ್ಡು ಕಟ್ಟುವ ಮೊದಲೇ ಕೇಳಬೇಕಿತ್ತು. ಆಪರೇಟಿಂಗ್ ಸಿಸ್ಟಮ್, ಅದರ ಪ್ಯಾಚ್, ಫೈರ್‌ವಾಲ್, ವೆಬ್ ಸರ್ವರ್, ಪ್ಯಾನೆಲ್ ಅವರದು. ಥೀಮು, ಪ್ಲಗಿನ್ನು, ಕೋಡು ನನ್ನದು. ಪ್ಲಗಿನ್ ಜಗಳಕ್ಕೆ ಸೈಟ್ ಮಲಗಿದರೆ ಲಾಗ್ ತೋರಿಸುತ್ತಾರೆ, ರಿಪೇರಿ ಮಾಡಲ್ಲ. ರೂಟ್ ಕೊಟ್ಟಿದ್ದಾರೆ, ಆದರೆ ನಾನು ಕೈಯಾಡಿಸಿ ಏನಾದರೂ ಕೆಡಿಸಿದರೆ ಅದರ ಜವಾಬ್ದಾರಿ ಅವರದಲ್ಲ. ಮೇಲ್ ವಿಚಾರದಲ್ಲಿ ಅರ್ಧರ್ಧ. ಐಪಿ ಅವರದಾದ್ದರಿಂದ ರಿವರ್ಸ್ ಡಿಎನ್ಎಸ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಅವರೇ ಹಾಕಿಕೊಟ್ಟರು, ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆ ನಾನೇ ಹಾಕಿದೆ. ಅದಾದ ಮೇಲೆ ಬೆಲ್ಲದ ಆರ್ಡರ್ ಮೇಲ್ ಸ್ಪ್ಯಾಮಿಗೆ ಹೋಗುವುದು ನಿಂತಿತು.

ಬ್ಯಾಕಪ್ ಬಗ್ಗೆ ಜಾಸ್ತಿ ಕೇಳಿದೆ. ದಿನಕ್ಕೊಂದು, ಬೇರೆ ಯಂತ್ರದಲ್ಲಿ, ಏಳು ದಿನ ಇಡುತ್ತಾರೆ. ಕೇಳಿದ್ದಕ್ಕೆ ನಂಬಿಕೆ ಬರಲಿಲ್ಲ, ಒಂದು ಟ್ಯೂಷನ್ ಸೆಂಟರ್ ಸೈಟನ್ನು ಬೇರೆ ಸಬ್‌ಡೊಮೈನ್‌ಗೆ ರಿಸ್ಟೋರ್ ಮಾಡಿಕೊಡಿ ಅಂದೆ. ಮಾಡಿಕೊಟ್ಟರು. ಟಿಕೆಟ್ ಹಾಕಿದಾಗಿಂದ ಪುಟ ತೆರೆಯುವವರೆಗೆ ಮೂರು ಗಂಟೆ ಹತ್ತು ನಿಮಿಷ. ಆ ನಂಬರ್ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ, ಗಿರಾಕಿ ಫೋನ್ ಮಾಡಿದಾಗ "ಅರ್ಧ ಗಂಟೆ ಸಾರ್" ಅಂತ ಬಾಯಿ ತಪ್ಪಿ ಹೇಳಬಾರದಲ್ಲ. ಬೆಲ್ಲದ ಅಂಗಡಿಯ ಡೇಟಾಬೇಸ್ ಮಾತ್ರ ಈಗ ದಿನಾ ನನ್ನ ಆಫೀಸಿನ ಹಾರ್ಡ್‌ಡಿಸ್ಕ್‌ಗೂ ಬಂದು ಬೀಳುತ್ತದೆ.

ಇಷ್ಟೆಲ್ಲಾ ಆದ ಮೇಲೂ ಹಳೇ ವಿಪಿಎಸ್‌ಗೆ ವಾಪಸ್ ಹೋಗಲ್ಲ. ರಾತ್ರಿ ಎರಡು ಗಂಟೆಗೆ ಬಂದ ಸೆಕ್ಯುರಿಟಿ ಪ್ಯಾಚ್ ಬೆಳಗ್ಗೆ ನಾನು ಏಳೋ ಹೊತ್ತಿಗೆ ಸರ್ವರ್‌ನಲ್ಲಿ ಹಾಕಿ ಆಗಿರುತ್ತದೆ, ಆ ದುಡ್ಡು ಅದಕ್ಕೇ.

ಮೊನ್ನೆ ಮಂಡ್ಯದಿಂದ ಬೆಲ್ಲದವರು ಫೋನ್ ಮಾಡಿದ್ದರು. "ಅಣ್ಣ, ಸಂಕ್ರಾಂತಿ ಹತ್ರ ಬಂತು, ಆರ್ಡರ್ ಜೋರಾಗೈತೆ, ದಸರಾದಲ್ಲಿ ಆದಂಗೆ ಆಗಕಿಲ್ಲ ತಾನೆ?" ಮಾತಾಡುತ್ತಲೇ ಟರ್ಮಿನಲ್ ತೆರೆದು ಡಿಸ್ಕ್ ನೋಡಿದೆ. 46 ಪರ್ಸೆಂಟ್ ಇತ್ತು.