ಗರ್ಭಿಣಿಗೆ ಒಂಬತ್ತು ತಿಂಗಳು, ಲೆಕ್ಕಕ್ಕೆ ಮಾರ್ಚ್ 31: ಸಂಶೋಧನಾ ಅನುದಾನ ನಿಭಾಯಿಸಿದ ನನ್ನ ಅನುಭವ

ನಾನು ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಮೂರು ವರ್ಷದ ಅಧ್ಯಯನ ನಡೆಸಿದ್ದೇನೆ. ಪ್ರಪೋಸಲ್ ಹೇಗೆ ಬರೆಯಬೇಕು ಎಂದು ಕೇಳಿಕೊಂಡು ಕಿರಿಯ ಸಹೋದ್ಯೋಗಿಗಳು ಬರುತ್ತಾರೆ. ಮಂಜೂರಾದ ಹಣವನ್ನು ಹೇಗೆ ನಡೆಸಬೇಕು ಎಂದು ಕೇಳುವವರು ಕಡಿಮೆ. ಆದರೆ ಅಧ್ಯಯನ ಅರ್ಧಕ್ಕೆ ಕುಂಟುವುದು ಅಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಣ ಐಸಿಎಂಆರ್‌ನಿಂದ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬರಲಿ, ಡಿಬಿಟಿಯಿಂದ (ಜೈವಿಕ ತಂತ್ರಜ್ಞಾನ ಇಲಾಖೆ) ಬರಲಿ, ಡಿಎಸ್‌ಟಿಯಿಂದ (ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಬರಲಿ, ಹಿಂದೆ ನಿಂತಿರುವುದು ಹಣಕಾಸು ಸಚಿವಾಲಯದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್ 2017. ಪ್ರತಿ ಸಂಸ್ಥೆಯೂ ತನ್ನದೇ ಷರತ್ತುಗಳನ್ನು ಸೇರಿಸುತ್ತದೆ, ಬುನಾದಿ ಮಾತ್ರ ಒಂದೇ. ಮೂರು ವರ್ಷಕ್ಕೆ ಮಂಜೂರಾತಿ ಸಿಕ್ಕರೂ ಹಣ ಬರುವುದು ಕಂತಿನಲ್ಲಿ. ಹಿಂದಿನ ಕಂತನ್ನು ಹೇಗೆ ಬಳಸಿದಿರಿ ಎಂಬುದಕ್ಕೆ ಪುರಾವೆ ಕೊಟ್ಟರೆ ಮುಂದಿನ ಕಂತು. ಆ ಪುರಾವೆಯೇ ಯು.ಸಿ., ಹಣ ಬಳಕೆ ಪ್ರಮಾಣಪತ್ರ. ಅದರ ನಮೂನೆಯ ಹೆಸರು ಜಿಎಫ್‌ಆರ್ 12-ಎ.

ಈ ನಮೂನೆಯನ್ನು ವರ್ಷದ ಕೊನೆಗೆ ಲೆಕ್ಕ ಶಾಖೆಯವರು ತುಂಬುವ ಕಾಗದ ಎಂದುಕೊಂಡವರೇ ಹೆಚ್ಚು. ನಾನು ಅದನ್ನು ಯೋಜನೆಯ ಮೊದಲ ವಾರವೇ ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ಹಿಂದಿನ ವರ್ಷ ಉಳಿದ ಹಣ, ಅದಕ್ಕೆ ಬಂದ ಬಡ್ಡಿ, ಸರ್ಕಾರಕ್ಕೆ ಕಟ್ಟಿದ ಬಡ್ಡಿ, ಈ ವರ್ಷ ಬಂದ ಅನುದಾನ, ಒಟ್ಟು ಲಭ್ಯ ಹಣ, ಖರ್ಚು, ಉಳಿಕೆ: ಇಷ್ಟು ಅಂಕಣ ಅಡ್ಡಕ್ಕೆ. ಖರ್ಚನ್ನು ಮತ್ತೆ ಮೂರಾಗಿ ಒಡೆದು ತೋರಿಸಬೇಕು: ಸಾಮಾನ್ಯ, ಸಂಬಳ, ಬಂಡವಾಳ ಆಸ್ತಿ. ಈ ಮೂರು ಹೆಡ್ (ಖರ್ಚಿನ ಬಾಬ್ತು) ಕಣ್ಣೆದುರು ಇದ್ದರೆ ಯಾವ ಬಿಲ್ಲನ್ನು ಎಲ್ಲಿ ಹಾಕಬೇಕೆಂದು ಬಿಲ್ ಬಂದ ದಿನವೇ ಗೊತ್ತಾಗುತ್ತದೆ. ವರ್ಷದ ಕೊನೆಗೆ ನೆನಪಿಸಿಕೊಂಡು ಹಂಚುವ ಕೆಲಸ ಯಾವತ್ತೂ ಸರಿಹೋಗುವುದಿಲ್ಲ.

ಪ್ರತಿ ತಿಂಗಳೂ ನಮ್ಮ ಪ್ರಥಮ ದರ್ಜೆ ಸಹಾಯಕರ ಜೊತೆ ಕೂತು ಬ್ಯಾಂಕಿನ ಪಾಸ್‌ಬುಕ್, ಪಿಎಫ್‌ಎಂಎಸ್ (ಸರ್ಕಾರಿ ಹಣದ ಓಡಾಟ ತೋರಿಸುವ ಆನ್‌ಲೈನ್ ವ್ಯವಸ್ಥೆ) ಪರದೆ, ನನ್ನ ಎಕ್ಸೆಲ್ ಹಾಳೆ ಮೂರನ್ನೂ ತಾಳೆ ನೋಡುತ್ತಿದ್ದೆ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಅಲ್ಲೇ ಹುಡುಕುತ್ತಿದ್ದೆವು. ಲೆಕ್ಕ ಶಾಖೆಯ ಇಂಥ ಸಿಬ್ಬಂದಿಯ ಹೆಸರು ಯಾವ ಪ್ರಬಂಧದಲ್ಲೂ ಬರುವುದಿಲ್ಲ. ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಯಮದ ಪ್ರಕಾರ ಯು.ಸಿ. ಕೊಡಲು ಹಣಕಾಸು ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳ ಅವಕಾಶವಿದೆ. ಆ ಅವಕಾಶವನ್ನು ನಂಬಿ ಕೂರಬೇಡಿ. ಲೆಕ್ಕಪರಿಶೋಧಕರ ಸಹಿ ಬೀಳುವವರೆಗೆ ಮುಂದಿನ ವರ್ಷದ ಪೂರ್ತಿ ಹಣ ಕದಲುವುದಿಲ್ಲ, ಅತ್ತ ಪ್ರಾಜೆಕ್ಟ್ ಹುಡುಗರ ಸಂಬಳ ನಿಲ್ಲುತ್ತದೆ. ನಾವು ಏಪ್ರಿಲ್‌ನಲ್ಲೇ ಸಿಎ ಅವರ ಬಳಿ ಕಡತ ಕಳಿಸುತ್ತಿದ್ದೆವು.

ಬಡ್ಡಿಯ ವಿಷಯ ಚಿಕ್ಕದಾಗಿ ಕಾಣುತ್ತದೆ. ಖಾತೆಯಲ್ಲಿ ಬಿದ್ದ ಬಡ್ಡಿಯಲ್ಲಿ ನಾಲ್ಕು ಫೈಲು, ಎರಡು ಪೆನ್ನು ತಂದರೇನು ಅನ್ನಿಸಬಹುದು. ಹಾಗಿಲ್ಲ. ಜಿಎಫ್‌ಆರ್‌ನ ನಿಯಮ 230ರ ಪ್ರಕಾರ ಲೆಕ್ಕ ಅಂತಿಮಗೊಂಡ ತಕ್ಷಣ ಆ ಹಣ ಭಾರತದ ಸಂಚಿತ ನಿಧಿಗೆ ಹೋಗಬೇಕು. ಭಾರತ್‌ಕೋಶ್ ಪೋರ್ಟಲ್‌ನಲ್ಲಿ ಕಟ್ಟಿ, ರಸೀದಿಯನ್ನು ಯು.ಸಿ.ಗೆ ಲಗತ್ತಿಸಬೇಕು. ಕೇಂದ್ರ ಯೋಜನೆಗಳಿಗೆ 2022ರ ಮಾರ್ಚ್‌ನಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಹಣ ನಮ್ಮ ಖಾತೆಯಲ್ಲಿ ಮಲಗುವುದೇ ಇಲ್ಲ. ಶೂನ್ಯ ಶಿಲ್ಕಿನ ಖಾತೆ, ಖರ್ಚಿಗೊಂದು ಮಿತಿ. ಆ ಮಿತಿ ಆರ್‌ಬಿಐಯ ಖಜಾನೆ ಖಾತೆಯಿಂದ ಬಂದದ್ದಾದರೆ ವರ್ಷದ ಕೊನೆಗೆ ಬಳಸದೆ ಉಳಿದದ್ದು ರದ್ದು. ಸರ್ಕಾರದ ಕಡೆಯಿಂದ ನೋಡಿದರೆ ಇದು ನ್ಯಾಯವೇ. ತೆರಿಗೆ ಹಣ ಸಾವಿರ ಖಾತೆಗಳಲ್ಲಿ ಸುಮ್ಮನೆ ಕೊಳೆಯಬಾರದು.

ಆದರೆ ಗರ್ಭಿಣಿಗೆ ಹಣಕಾಸು ವರ್ಷ ಗೊತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (ಎನ್‌ಎಫ್‌ಎಚ್‌ಎಸ್-5) ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂಥ ಹೆಣ್ಣುಮಕ್ಕಳನ್ನು ತಾಯಿ ಕಾರ್ಡ್ ಮಾಡಿಸಿದ ದಿನದಿಂದ ಹೆರಿಗೆಯಾಗುವ ತನಕ ಹಿಂಬಾಲಿಸುವುದು ನಮ್ಮ ಕೆಲಸ. ಡಿಸೆಂಬರ್‌ನಲ್ಲಿ ಸೇರಿದವಳ ಹೆರಿಗೆ ಮುಂದಿನ ಹಣಕಾಸು ವರ್ಷದಲ್ಲಿ. ಬಜೆಟ್ ಬರೆಯುವಾಗ ಮೊದಲ ವರ್ಷ, ಎರಡನೇ ವರ್ಷ ಎಂದು ಸಮಪಾಲು ಮಾಡುವುದು ರೂಢಿ. ನಾವು ಗರ್ಭಿಣಿಯರ ನೋಂದಣಿ ಯಾವ ತಿಂಗಳು ಎಷ್ಟಾಗಬಹುದು ಎಂಬ ಅಂದಾಜನ್ನು ಮೊದಲು ಹಾಕಿ, ಅದರ ಮೇಲೆ ತ್ರೈಮಾಸಿಕ ಖರ್ಚನ್ನು ಕೂರಿಸಿದೆವು.

ಅದರಲ್ಲೂ ಪ್ರಯಾಣದ ಹೆಡ್. ನಮ್ಮ ಕಡೆ ಏಳು ತಿಂಗಳಿಗೆ ಸೀಮಂತ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಅಂದರೆ ನಾವು ದಾಖಲಿಸಿಕೊಂಡ ಹಳ್ಳಿಯಲ್ಲಿ ಅವಳು ಇರುವುದಿಲ್ಲ. ಬೇರೆ ತಾಲ್ಲೂಕು, ಕೆಲವೊಮ್ಮೆ ಬೇರೆ ಜಿಲ್ಲೆ. ಹೆರಿಗೆಗೆ ಮುಂಚಿನ ಹಿಮೋಗ್ಲೋಬಿನ್ ಅಳತೆ ಅಧ್ಯಯನಕ್ಕೆ ಅತಿ ಮುಖ್ಯ, ಅದೇ ಅತಿ ದುಬಾರಿ. ಅದನ್ನು ಪ್ರಪೋಸಲ್‌ನ ಸಮರ್ಥನೆ ಕಾಲಂನಲ್ಲೇ ಬಿಡಿಸಿ ಬರೆದಿದ್ದೆ: ತವರಿನ ಭೇಟಿ ಏಕೆ ಬೇಕು, ಪ್ರತಿ ಭೇಟಿಗೆ ಬಸ್ ಎಷ್ಟು, ಬಾಡಿಗೆ ವಾಹನ ಎಲ್ಲಿ ಅನಿವಾರ್ಯ. ಪರಿಶೀಲನಾ ಸಮಿತಿ ಬೇರೆ ಕಡೆ ಕತ್ತರಿ ಹಾಕಿದರೂ ಅದನ್ನು ಮುಟ್ಟಲಿಲ್ಲ. ಒಂದು ಹೆಡ್‌ನಿಂದ ಇನ್ನೊಂದಕ್ಕೆ ಹಣ ಸರಿಸಲು ಸಾಮಾನ್ಯವಾಗಿ ಮಂಜೂರು ಮಾಡಿದವರ ಲಿಖಿತ ಒಪ್ಪಿಗೆ ಬೇಕು. ಹಾಗಾಗಿ ಸಮರ್ಥನೆಯನ್ನು ಆರಂಭದಲ್ಲೇ ಬಲವಾಗಿ ಕಟ್ಟುವುದು ಲೇಸು.

ಫೆಬ್ರವರಿ ಬಂದರೆ ಕಚೇರಿಯಲ್ಲಿ ಒಂದೇ ಮಾತು: ಉಳಿದ ಹಣ ಮುಗಿಸಿ. ಒಂದು ವರ್ಷ ಕಂತು ತಡವಾಗಿ ಕೈಸೇರಿದ್ದರಿಂದ ಕನ್ಸೂಮಬಲ್ಸ್ (ಬಳಸಿ ಮುಗಿಯುವ ಸಾಮಗ್ರಿ) ಹೆಡ್‌ನಲ್ಲಿ ಗಣನೀಯ ಮೊತ್ತ ಉಳಿದಿತ್ತು. ರಕ್ತದ ಹನಿ ಹಿಡಿದು ಡಿಜಿಟಲ್ ಹಿಮೋಗ್ಲೋಬಿನ್ ಮೀಟರ್‌ಗೆ ಹಾಕುವ ಪುಟ್ಟ ಕ್ಯುವೆಟ್ಟುಗಳನ್ನು ಒಟ್ಟಿಗೆ ತರಿಸಿಬಿಡಿ ಎಂದು ಎಲ್ಲರೂ ಹೇಳಿದರು. ಅವು ಬರುವ ಪುಟ್ಟ ಡಬ್ಬಿಯ ಮುಚ್ಚಳದ ಮೇಲೆ ತೆರೆದ ದಿನಾಂಕ ಬರೆಯಬೇಕು, ಏಕೆಂದರೆ ನಾವು ಬಳಸುತ್ತಿದ್ದ ಬಗೆಯಲ್ಲಿ ಡಬ್ಬಿ ತೆರೆದ ಮೇಲೆ ಅದರ ಆಯಸ್ಸು ಮೂರು ತಿಂಗಳು. ತೇವ ತಗುಲಿದರೆ ಅಳತೆ ಕೆಡುತ್ತದೆ. ತೆರೆಯದ ಡಬ್ಬಿಗೂ ಎಕ್ಸ್‌ಪೈರಿ ಇದೆ. ವರ್ಷಕ್ಕಾಗುವಷ್ಟು ಮಾರ್ಚ್‌ನಲ್ಲಿ ತಂದು ಬೀರು ತುಂಬಿದರೆ ಯು.ಸಿ. ಸುಂದರವಾಗಿ ಕಾಣುತ್ತದೆ, ಹಾಳಾಗುವುದು ಅಳತೆ. ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಾದರೆ ಗರ್ಭಿಣಿಗೆ ರಕ್ತಹೀನತೆ ಎನ್ನುತ್ತೇವೆ. ಆ ಗೆರೆಯ ಆಚೀಚೆ ಅರ್ಧ ಗ್ರಾಂ ತಪ್ಪಿದರೂ ಒಬ್ಬಳಿಗೆ ಬೇಕಾದ ಚಿಕಿತ್ಸೆ ತಪ್ಪುತ್ತದೆ. ನಾನು ಬೇಕಾದಷ್ಟನ್ನೇ ತರಿಸಿ, ಉಳಿಕೆಯನ್ನು ಉಳಿಕೆ ಎಂದೇ ತೋರಿಸಿದೆ. ಕಾರಣವನ್ನು ಒಂದು ಪುಟದ ಟಿಪ್ಪಣಿಯಲ್ಲಿ ಬರೆದು, ಮುಂದಿನ ವರ್ಷಕ್ಕೆ ಆ ಮೊತ್ತವನ್ನು ಮರುಮಂಜೂರು ಮಾಡುವಂತೆ ಫೆಬ್ರವರಿಯಲ್ಲೇ ಪತ್ರ ಹಾಕಿದೆ. ಒಪ್ಪಿಗೆ ಬಂತು. ಉಳಿಕೆ ತೋರಿಸಿದರೆ ಅನುದಾನ ಕಡಿತವಾಗುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಕಾರಣ ಬರೆಯದ ಉಳಿಕೆಗೆ ಆ ಭಯ ಸಹಜ. ನಮ್ಮದಕ್ಕೆ ನೋಂದಣಿ ಪಟ್ಟಿ, ದಾಸ್ತಾನು ಪುಸ್ತಕ ಎರಡೂ ಸಾಕ್ಷಿಗಿದ್ದವು.

ಸಿಬ್ಬಂದಿ ವೇತನದ ದರ ನಡುವೆ ಬದಲಾಗಬಹುದು. 2023ರ ಜೂನ್‌ನಲ್ಲಿ ಡಿಎಸ್‌ಟಿ ಆದೇಶದಂತೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿತು, ಅದೂ ಜನವರಿ 1ರಿಂದಲೇ ಅನ್ವಯ. ಹಳೆ ದರದಲ್ಲಿ ಬಜೆಟ್ ಮಾಡಿಸಿಕೊಂಡವರು ಹೆಚ್ಚುವರಿ ಮೊತ್ತಕ್ಕೆ ಬೇರೆಯೇ ಕೋರಿಕೆ ಸಲ್ಲಿಸಬೇಕಾಯಿತು. ಇಂಥ ಆದೇಶ ಕಂಡ ದಿನವೇ ಪತ್ರ ಹಾಕಿ. ಕ್ಷೇತ್ರದಲ್ಲಿ ಬಿಸಿಲಲ್ಲಿ ಅಲೆಯುವ ಮಕ್ಕಳಿಗೆ ಬಾಕಿ ಹಣ ಸಕಾಲಕ್ಕೆ ಕೊಡಿಸುವುದು ಪ್ರಧಾನ ಸಂಶೋಧಕರ ಹೊಣೆ.

ಯೋಜನೆ ಮುಗಿಯುವಾಗ ಉಪಕರಣಗಳ ಪ್ರಶ್ನೆ ಏಳುತ್ತದೆ. ಅನುದಾನದಲ್ಲಿ ಕೊಂಡದ್ದನ್ನು ಮಂಜೂರು ಮಾಡಿದವರ ಅನುಮತಿ ಇಲ್ಲದೆ ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಜಿಎಫ್‌ಆರ್ 22 ನಮೂನೆಯ ಫಿಕ್ಸೆಡ್ ಅಸೆಟ್ಸ್ (ಬಾಳಿಕೆ ಬರುವ ಉಪಕರಣ ಮುಂತಾದ ಸ್ವತ್ತು) ವಹಿಯಲ್ಲಿ ಪ್ರತಿ ಮೀಟರ್‌ನ ಸೀರಿಯಲ್ ನಂಬರ್ ಮೊದಲೇ ಬರೆದಿಟ್ಟಿದ್ದರಿಂದ ಅಂತಿಮ ವರದಿ ಜೊತೆ ಪಟ್ಟಿ ಕಳಿಸುವುದು ಸುಲಭವಾಯಿತು. ಮೀಟರ್‌ಗಳನ್ನು ನಮ್ಮ ಕ್ಷೇತ್ರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಉಳಿಸಲು ಅನುಮತಿ ಕೇಳಿದೆವು, ಸಿಕ್ಕಿತು. ಈಗ ಅಲ್ಲಿನ ಸಿಬ್ಬಂದಿ ಗರ್ಭಿಣಿಯರ ತಪಾಸಣೆಯ ದಿನ ಅವನ್ನೇ ಬಳಸುತ್ತಿದ್ದಾರೆ.