ಕೈ ಹೋದದ್ದು ವಿಟ್ಲದಲ್ಲಿ, ಕೇಸು ಹಾಕಿದ್ದು ಕೇರಳದಲ್ಲಿ

"ಎಂತ ಮಾರಾಯ, ಕೋರೆ ಕರ್ನಾಟಕದಲ್ಲಿ, ಧಣಿ ಕರ್ನಾಟಕದವ, ಇನ್ಶೂರೆನ್ಸ್ ಆಫೀಸು ಮಂಗಳೂರಲ್ಲಿ. ನೀನು ಕೇರಳದ ಕಮಿಷನರ ಮುಂದೆ ಹಾಕ್ತೀಯಾ?" ಕಾಸರಗೋಡಿನ ವಕೀಲರ ಬಾರ್ ರೂಮಿನಲ್ಲಿ ಚಾ ಕುಡಿಯುತ್ತಾ ಸೀನಿಯರ್ ಒಬ್ಬರು ಹೀಗೆ ನಕ್ಕಿದ್ದರು. ಕೇಸು ಹಳೆಯ ನೌಕರರ ಪರಿಹಾರ ಕಾಯ್ದೆಯದ್ದು, ಕೆಲಸದಲ್ಲಿ ಪೆಟ್ಟಾದವರ ಪರಿಹಾರ ತೀರ್ಮಾನಿಸುವವರು ಈ ಕಮಿಷನರು. ನಾಲ್ಕು ವರ್ಷ ಕಳೆದು ಹಣ ಬಂದ ಮೇಲೆ ಅವರೇ ಫೋನ್ ಮಾಡಿ ಅರ್ಜಿಯ ಪ್ರತಿ ಕೇಳಿದರು. ಕೊಟ್ಟೆ. ಪೂರ್ತಿ ಕೊಡಲಿಲ್ಲ.

ಕಕ್ಷಿದಾರ ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರಿನವ. ವಯಸ್ಸು 40. ವಿಟ್ಲ ಕಡೆಯ ಮುರಕಲ್ಲು ಕೋರೆಯಲ್ಲಿ ಕಲ್ಲು ಕೊಯ್ಯುವ ಮೆಷಿನ್ ಓಡಿಸುತ್ತಿದ್ದ. 2021ರಲ್ಲಿ ಬ್ಲೇಡಿಗೆ ಸಿಕ್ಕಿ ಬಲಗೈ ಮಣಿಕಟ್ಟಿನ ಹತ್ತಿರವೇ ಹೋಯಿತು. ಧಣಿ ಆಸ್ಪತ್ರೆಗೇ ಬಂದು ನಲ್ವತ್ತು ಸಾವಿರ ಕೊಟ್ಟು, "ಇನ್ನು ಯಾವ ಕ್ಲೇಮೂ ಇಲ್ಲ" ಅಂತ ಛಾಪಾ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆ ಕಾಗದ ನೋಡಿ ಹೆದರಬೇಡಿ. ಆ ಕಾಯ್ದೆಯ ಕಲಂ 17 ಇದೆಯಲ್ವಾ, ಅಂಥ ಒಪ್ಪಂದಕ್ಕೆ ಬೆಲೆಯೇ ಇಲ್ಲ.

ಕೆಲಸಗಾರ ತಾನು ವಾಸಿಸುವ ಊರಿನ ಕಮಿಷನರ ಮುಂದೆಯೇ ಅರ್ಜಿ ಹಾಕಬಹುದು. 1995ರ ತಿದ್ದುಪಡಿಯ ನಂತರ ಕಲಂ 21 ಹಾಗೆಯೇ ಹೇಳುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ಇದಕ್ಕಿಂತ ಹಿಂದಿನ ಒಂದು ಕೇಸಿನಲ್ಲಿ ಮುಗ್ಗರಿಸಿ ಬಿದ್ದಿದ್ದೆ. ಅಪಘಾತ ನಡೆದ ಜಾಗದ ಕಮಿಷನರಿಗೂ ಅಲ್ಲಿನ ಸರ್ಕಾರಕ್ಕೂ ನಮ್ಮ ಕಮಿಷನರು ನೋಟಿಸ್ ಕಳಿಸದೆ ಕೇಸು ಮುಂದಕ್ಕೆ ಹೋಗಬಾರದು. ಆ ಸಲ ನೋಟಿಸ್ ಹೋಗಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಸಾಕ್ಷಿ ಅರ್ಧ ಮುಗಿದ ಮೇಲೆ ಎದುರು ವಕೀಲರು ಎದ್ದು ಅದನ್ನೇ ಹಿಡಿದುಕೊಂಡರು. ಒಂದೂವರೆ ವರ್ಷ ನೀರಲ್ಲಿ ಹೋಯಿತು. ನಾಚಿಕೆಯಾಗಿ ಫೀಸಿನಲ್ಲಿ ಅರ್ಧ ವಾಪಸ್ ಕೊಟ್ಟೆ. ಈ ಸಲ ಅರ್ಜಿಯ ಜೊತೆಗೇ ನೋಟಿಸಿಗೆ ಮೆಮೊ ಹಾಕಿದೆ. ಸ್ವೀಕೃತಿ ಫೈಲಿಗೆ ಬರುವ ತನಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಸ್ವೀಕೃತಿ ಎರಡೇ ವಾರದಲ್ಲಿ ಬಂದದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇನ್ನೊಂದು ತಮಾಷೆ. ವಿಟ್ಲ ಕಡೆಯ ಪೊಲೀಸ್ ಕಾಗದವೆಲ್ಲ ಕನ್ನಡದಲ್ಲಿತ್ತು. ಅದನ್ನು ಮಲಯಾಳಕ್ಕೆ ತರ್ಜುಮೆ ಮಾಡಿಸಲು ಮೂರೂವರೆ ಸಾವಿರವೋ ಏನೋ ಖರ್ಚಾಯಿತು. 1956ರ ತನಕ ವಿಟ್ಲ, ಕಾಸರಗೋಡು ಎರಡೂ ಒಂದೇ ಜಿಲ್ಲೆಯಲ್ಲಿದ್ದವು.

ಈಗ ಲೆಕ್ಕಕ್ಕೆ ಬರೋಣ. ಕೈ ಹೋದರೆ ಕಾಯ್ದೆಯ ಶೆಡ್ಯೂಲಿನಲ್ಲಿ ದುಡಿಯುವ ಶಕ್ತಿಯ ನಷ್ಟ 60 ಪರ್ಸೆಂಟ್. ಅವನ ದುಡಿಮೆ ತಿಂಗಳಿಗೆ 25 ಸಾವಿರದ ಆಸುಪಾಸು. ಮ್ಯಾನೇಜರ್ ವಾರವಾರ ಗೂಗಲ್ ಪೇ ಮಾಡಿದ್ದ, ಅದೇ ಸಾಕ್ಷಿಯಾಯಿತು. ಆದರೆ ಎಷ್ಟೇ ದುಡಿದರೂ ಲೆಕ್ಕಕ್ಕೆ ಸಿಗುವ ಸಂಬಳದ ಮಿತಿ 15,000 ಮಾತ್ರ. ಅದೂ 2020ರ ಜನವರಿಯಿಂದ, ಅದಕ್ಕೂ ಮೊದಲು 8,000 ಇತ್ತು. ವಯಸ್ಸಿಗೆ ತಕ್ಕಂತೆ ಗುಣಿಸುವ ಫ್ಯಾಕ್ಟರ್ 40 ವರ್ಷಕ್ಕೆ 184.17. 15,000ದ ಶೇ. 60 ಅಂದರೆ 9,000, ಅದಕ್ಕೆ ಫ್ಯಾಕ್ಟರ್ ಗುಣಿಸಿದರೆ ಹದಿನಾರೂವರೆ ಲಕ್ಷ ಚಿಲ್ಲರೆ, ಇದು ಪೂರ್ಣ ಅಂಗವೈಕಲ್ಯಕ್ಕೆ. ಭಾಗಶಃ ಅಂಗವೈಕಲ್ಯ ಅಂದರೆ ಅದರ 60 ಪರ್ಸೆಂಟ್, ಹತ್ತು ಲಕ್ಷದ ಹತ್ತಿರ.

ನಾನು ಪೂರ್ತಿ ಕೇಳಿದೆ. ಆಸೆಯಿಂದ ಮಾತ್ರ ಅಲ್ಲ. ಆಸ್ಪತ್ರೆಯ ಚೀಟಿಯಲ್ಲಿ "ಮದ್ಯದ ವಾಸನೆ" ಅಂತ ಬರೆದಿದ್ದರು. ಹಿಂದಿನ ರಾತ್ರಿ ಮದುವೆ ಮನೆ. ಕುಡಿದದ್ದರಿಂದಲೇ ಅಪಘಾತ ಅಂತ ಸಾಬೀತಾದರೆ ಧಣಿ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ಆ ವಾದ ನಡೆಯುವುದಿಲ್ಲ. ಕಲಂ 3ನ್ನು ಇನ್ನೊಮ್ಮೆ ಓದಿ ನೋಡಿ. 60 ಕೇಳಿದ್ದರೆ ಸೊನ್ನೆ ಸಿಗುವ ಭಯ ಇತ್ತು. 100 ಗೆದ್ದರೆ ಆ ಭಯವೇ ಇಲ್ಲ.

ಹಿಡಿದುಕೊಳ್ಳಲು 1976ರ ಪ್ರತಾಪ್ ನಾರಾಯಣ್ ಸಿಂಗ್ ದೇವ್ ತೀರ್ಪು ಇತ್ತು. ಎಡಗೈ ಹೋದ ಬಡಗಿ ಇನ್ನು ಬಡಗಿ ಕೆಲಸ ಮಾಡಲಾರ, ಹಾಗಾಗಿ ನಷ್ಟ ಪೂರ್ಣ ಅಂತ ಸುಪ್ರೀಂ ಕೋರ್ಟು ಒಪ್ಪಿತ್ತು. ಆದರೆ ತೀರ್ಪು ಓದಿ ಕೂತರೆ ಸಾಕಾಗುವುದಿಲ್ಲ, ಸಾಕ್ಷಿ ಬೇಕು. ಮೊದಲು ಅವನು ಎಡಗೈಯಲ್ಲಿ ಮೆಷಿನ್ ತಳ್ಳಲು ಒದ್ದಾಡುವ ವಿಡಿಯೋ ಮಾಡಿಸಿದೆ. ಎರಡೂವರೆ ಸಾವಿರ ಖರ್ಚು. ಕಮಿಷನರು ತಿರುಗಿಯೂ ನೋಡಲಿಲ್ಲ. ಆಮೇಲೆ ಮೂವತ್ತು ವರ್ಷ ಕಲ್ಲು ಕೊಯ್ದ ಅಜ್ಜನೊಬ್ಬರನ್ನು ಸಾಕ್ಷಿಗೆ ಕರೆತಂದೆ. ಬಸ್ ಚಾರ್ಜು, ಊಟ, ಅಷ್ಟೇ. "ಒಂದು ಕೈಯಲ್ಲಿ ಮೆಷಿನ್ ಓಡಿಸಲಿಕ್ಕೆ ಆಗುವುದಿಲ್ಲವಾ?" ಅಂತ ಇನ್ಶೂರೆನ್ಸ್ ವಕೀಲರು ಕೇಳಿದರು. "ನಿಮಗೆ ಎರಡು ಕೈಯಲ್ಲಿ ಆಗ್ತದಾ ಸಾರ್?" ಅಂದರು ಅಜ್ಜ. ಕಮಿಷನರು ನಕ್ಕರು. ನನ್ನ ಪ್ರಕಾರ ಕೇಸು ಗೆದ್ದದ್ದು ಅಲ್ಲೇ. ಡಾಕ್ಟರನ್ನು ನಾನು ಕೇಳಿದ ಮೂರು ಪ್ರಶ್ನೆಗಳೂ ಕೆಲಸ ಮಾಡಿದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಪೂರ್ಣ ಅಂತಲೇ ಆದೇಶ ಬಂತು, ಅಪಘಾತದ ದಿನದಿಂದ ಶೇ. 12 ಬಡ್ಡಿಯ ಜೊತೆ. ಧಣಿಗೆ ಬೇರೆಯಾಗಿ ನೋಟಿಸ್ ಕೊಟ್ಟು, ಕೇಳಿ, ದಂಡವನ್ನೂ ಹಾಕಿದರು. ಶೇ. 50ರ ತನಕ ಹಾಕಬಹುದು, 25 ಹಾಕಿದರು.

ಇನ್ಶೂರೆನ್ಸಿನವರು ಹಣ ಠೇವಣಿ ಇಟ್ಟು ಎರ್ನಾಕುಳಂ ಹೈಕೋರ್ಟಿಗೆ ಹೋದರು. ಕಲಂ 30ರ ಅಪೀಲಿಗೆ ಗಣನೀಯ ಕಾನೂನು ಪ್ರಶ್ನೆಯೇ ಬೇಕು, ಸಂಗತಿಯ ತಕರಾರು ಸಾಲದು. ಅವರ ಅಪೀಲಿನ ತುಂಬಾ "ಎಡಗೈ ಇದೆಯಲ್ಲ, ಬೇರೆ ಕೆಲಸ ಮಾಡಬಹುದು" ಅನ್ನುವ ಸಂಗತಿಯ ವಾದವೇ. ಗೊಲ್ಲ ರಾಜಣ್ಣ ಕೇಸಿನಲ್ಲಿ ಕರ್ನಾಟಕ ಹೈಕೋರ್ಟು ಹೀಗೇ ಸಾಕ್ಷ್ಯ ಮತ್ತೆ ತೂಗಿ ಮೊತ್ತ ಇಳಿಸಿದ್ದಕ್ಕೆ 2016ರಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿತ್ತು. ಅದನ್ನು ಮುಂದಿಟ್ಟೆ. ಹತ್ತು ನಿಮಿಷ, ಅಪೀಲು ವಜಾ. ಎರ್ನಾಕುಳಂಗೆ ಹೋಗಿ ಬರಲು ಎರಡು ದಿನ.

2025ರ ನವೆಂಬರಿನಿಂದ ಆ ಕಾಯ್ದೆಯ ಬದಲಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇದು ಹಳೆಯ ಕಾಯ್ದೆಯ ಕೇಸು, ಕಲಂ ನಂಬರು ಹಾಗೇ ನಕಲು ಮಾಡಬೇಡಿ.

ಬಡ್ಡಿ ಸಮೇತ ಇನ್ಶೂರೆನ್ಸ್ ಹಣ ಅವನ ಖಾತೆಗೆ ಬಂದಿದೆ. ದಂಡ ಮಾತ್ರ ಬಾಕಿ. ಅದು ಇನ್ಶೂರೆನ್ಸಿನ ತಲೆಗೆ ಬರುವುದಿಲ್ಲ, ಧಣಿಯೇ ಕಟ್ಟಬೇಕು. ಅವನ ಆಸ್ತಿ ಇರುವುದು ಕರ್ನಾಟಕದಲ್ಲಿ. ಭೂಕಂದಾಯದ ಬಾಕಿ ಹಾಗೆ ವಸೂಲಿ ಮಾಡಲು ಫೈಲು ಈಗ ಮಂಗಳೂರಿಗೆ ಹೋಗಿದೆ. ಕೇಸಿಗೆ ದಾಟದೆ ಉಳಿದಿದ್ದ ತಲಪಾಡಿ ಗಡಿಯನ್ನು ಈಗ ತಿಂಗಳಿಗೆರಡು ಸಲ ದಾಟುತ್ತಿದ್ದೇನೆ. ಸೀನಿಯರಿಗೆ ಇದನ್ನಿನ್ನೂ ಹೇಳಿಲ್ಲ.