ಸಪ್ಪೆ ಪೀಪಾಯಿಗೇ ಚೆರಿ ಹಾಕಿದೆ

ನಾನು ಮರದ ಪೀಪಾಯಿಗಳಲ್ಲಿ ಹುಳಿ ಬಿಯರ್ ಮಾಗಿಸುತ್ತೇನೆ. ಜಾಸ್ತಿ ಹುಳಿ ಬಂದ ಪೀಪಾಯಿಗೆ ಹಣ್ಣು ಹಾಕಬೇಕು, ಹಣ್ಣಿನ ಸಿಹಿ ಅದನ್ನು ಸರಿಮಾಡುತ್ತದೆ ಅಂತ ನನಗೆ ಎಲ್ಲರೂ ಹೇಳಿದ್ದರು. ನಾನು ಉಲ್ಟಾ ಮಾಡಿದೆ. ಸಾಲಿನಲ್ಲೇ ಸಪ್ಪೆಯಾಗಿದ್ದ, ಯಾರೂ ಎರಡನೇ ಗುಟುಕು ಕೇಳದ ಪೀಪಾಯಿಯನ್ನು ಆರಿಸಿದೆ. ನಕ್ಕರು. ಹಣ್ಣು ದಂಡ ಅಂದರು. ಈಗ ಅವರೇ ಇನ್ನೊಂದು ಬಾಟಲಿ ಇದೆಯಾ ಅಂತ ಕೇಳುತ್ತಾರೆ.

ಲೆಕ್ಕ ಸುಲಭ. ಹಣ್ಣಿನ ಸಕ್ಕರೆಯನ್ನು ಬ್ರೆಟ್, ಅಂದರೆ ಈ ಬಿಯರ್‌ನಲ್ಲಿರುವ ಕಾಡು ಯೀಸ್ಟ್, ಉಳಿಸುವುದಿಲ್ಲ. ಕೊನೆಗೆ ಉಳಿಯುವುದು ಹಣ್ಣಿನ ಹುಳಿ, ಬಣ್ಣ, ಸಿಪ್ಪೆಯ ಒಗರು. ಮೊದಲೇ ಹಲ್ಲು ಜುಮ್ಮೆನ್ನಿಸುವ ಬಿಯರ್‌ಗೆ ಇನ್ನಷ್ಟು ಹುಳಿ ಸೇರಿಸಿದರೆ ಕುಡಿಯುವವರು ಯಾರು? ಅದಕ್ಕೂ ಹಿಂದಿನ ಸಲ ಎಲ್ಲರ ಮಾತಿನಂತೆ ನಡೆದಾಗ ಆಗಿದ್ದೂ ಅದೇ. 225 ಲೀಟರ್ ಪೀಪಾಯಿಗೆ ಸುಮಾರು 40 ಕೆಜಿ ಚೆರಿ. ಹಣ್ಣಿಗೆ ಹೋದ ದುಡ್ಡು ಮಾಲ್ಟ್, ಹಾಪ್ಸ್, ಯೀಸ್ಟ್ ಎಲ್ಲ ಸೇರಿದ್ದರ ಮೂರು ಪಟ್ಟು ಇರಬೇಕು. ಮುಕ್ಕಾಲು ಪಾಲು ಮೋರಿಗೆ ಹೋಯಿತು. ಆ ಪೀಪಾಯಿಯನ್ನು ಮಾಮೂಲಿ ಬಿಯರ್‌ಗೆ ಬಳಸೋಣ ಅಂದರೆ ಅದೂ ಆಗುವುದಿಲ್ಲ. ಬ್ರೆಟ್ ಮರದೊಳಗೆ ಮನೆ ಮಾಡಿಕೊಂಡಿರುತ್ತದೆ.

ಹಾಗಾಗಿ ಈ ಸಲ ಎಲ್ಲವನ್ನೂ ನಾಲಿಗೆ ಮೇಲೆ ಬಿಟ್ಟೆ. ಪೀಪಾಯಿಯ ಮುಖದ ಹಲಗೆಗೆ ಸಣ್ಣ ತೂತು, ಅದಕ್ಕೊಂದು ಸ್ಟೇನ್‌ಲೆಸ್ ಸ್ಟೀಲ್ ಮೊಳೆ. ಮೊಳೆ ಕಿತ್ತರೆ ಸಣ್ಣ ಧಾರೆ ಬರುತ್ತದೆ, ಎರಡು ಗುಟುಕಿನಷ್ಟು ಹಿಡಿದು ಮತ್ತೆ ಬಡಿಯುವುದು. ಮೇಲಿನ ಬಿರಡೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬಿಯರ್ ಮೇಲೆ ಕಟ್ಟಿಕೊಂಡ ಪದರ ಒಡೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ವಿನೆಗರ್ ಶುರು. ತಿಂಗಳಿಗೊಮ್ಮೆ ಸಾಕು. ದಿನಾ ರುಚಿ ನೋಡುವವರ ಪೀಪಾಯಿಯಲ್ಲಿ ಅರ್ಧ ಬಿಯರ್ ಗ್ಲಾಸಿಗೇ ಹೋಗಿರುತ್ತದೆ ಬಿಡಿ.

ತಣ್ಣಗೆ ಕುಡಿದರೆ ಏನೂ ಗೊತ್ತಾಗುವುದಿಲ್ಲ. 12 ಡಿಗ್ರಿ ಆಸುಪಾಸು ಇರಲಿ. ಮೊದಲು ಮೂಗು. ನೇಲ್ ಪಾಲಿಶ್ ವಾಸನೆ ಜೋರಾಗಿ ಹೊಡೆದರೆ ಆ ಪೀಪಾಯಿಗೆ ಹಣ್ಣು ಬೇಡವೇ ಬೇಡ. ಆಮೇಲೆ ಗುಟುಕು. ನುಂಗಿದ ಮೇಲೆ ಅರ್ಧ ನಿಮಿಷ ಸುಮ್ನೆ ಕೂರಬೇಕು. ಹುಳಿ ಬಿಯರ್‌ಗೆ ಕೆಲವೊಮ್ಮೆ ಅಂಟುವ ಒಂದು ದೋಷ ಇದೆ, ಇಲಿ ಬೋನಿನ ವಾಸನೆ ಅಂತೀವಿ, ಅದು ಮೂಗಿಗೆ ಸಿಗುವುದಿಲ್ಲ. ಬಿಯರ್‌ನ ಹುಳಿ ಅದನ್ನು ಅಡಗಿಸಿರುತ್ತದೆ, ಎಂಜಲು ಸೇರಿದ ಮೇಲೆ ಮೇಲೇಳುತ್ತದೆ. ನಾನು ಮಾಡುವುದು ಇಷ್ಟು: ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ, ಬಾಯಿ ಮುಕ್ಕಳಿಸಿ ಉಗಿದು ತಕ್ಷಣ ಗುಟುಕು. ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ. ಕೆಲವರಿಗೆ ಈ ವಾಸನೆ ಹತ್ತುವುದೇ ಇಲ್ಲ, ಹಾಗಾಗಿ ಇನ್ನೊಂದು ನಾಲಿಗೆ ಜೊತೆಗಿರಲಿ. ನನ್ನ ಸಪ್ಪೆ ಪೀಪಾಯಿಯಲ್ಲೂ ಅದು ಇತ್ತು. ಮೂರ್ನಾಲ್ಕು ತಿಂಗಳು ಕಾದೆ, ಹೋಯಿತು. ಹಣ್ಣು ಹಾಕಿ ಮುಚ್ಚಿಬಿಡೋಣ ಅಂದವರೂ ಇದ್ದರು. ಅದು ಹಣ್ಣಿಗೆ ಮುಚ್ಚುವಂಥದ್ದಲ್ಲ.

ಹುಳಿ ಅಳೆಯಲು ಪಿಎಚ್ ಮೀಟರ್ ನಂಬುವವರಿಗೆ ಒಂದು ಮಾತು. ನನ್ನ ಎರಡು ಪೀಪಾಯಿ 3.4ರ ಹತ್ತಿರವೇ ಇದ್ದವು. ಒಂದು ಮೆತ್ತಗೆ, ಇನ್ನೊಂದು ಗಂಟಲು ಕೆರೆಯುತ್ತಿತ್ತು. ಒಟ್ಟು ಆಮ್ಲ ಎಷ್ಟು, ಅದರಲ್ಲಿ ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಎಷ್ಟು, ವಿನೆಗರ್ ಹುಳಿಯಾದ ಅಸಿಟಿಕ್ ಎಷ್ಟು ಅನ್ನುವುದನ್ನು ಆ ಮೀಟರ್ ಹೇಳುವುದಿಲ್ಲ.

ಹಣ್ಣಿಗೆ ದುಡ್ಡು ಸುರಿಯುವ ಮೊದಲು ಜಾರ್ ಪರೀಕ್ಷೆ ಮಾಡಿದೆ. ಪ್ರತಿ ಪೀಪಾಯಿಯಿಂದ ಒಂದು ಲೀಟರ್, 200 ಗ್ರಾಂನಷ್ಟು ಚೆರಿ, ಕತ್ತಿನವರೆಗೆ ತುಂಬಿ ಏರ್‌ಲಾಕ್, ಅಂದರೆ ಒಳಗಿನ ಗ್ಯಾಸ್ ಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ. ಹಣ್ಣನ್ನು ಫ್ರೀಜರ್‌ನಲ್ಲಿಟ್ಟು ಕರಗಿಸಿದರೆ ಚೆನ್ನಾಗಿ ರಸ ಬಿಡುತ್ತದೆ. ತಿಂಗಳ ಮೇಲೆ ರುಚಿ ನೋಡಿದಾಗ ಹುಳಿ ಪೀಪಾಯಿಯ ಜಾರ್ ಬರೀ ಚುರುಕು. ಸಪ್ಪೆ ಪೀಪಾಯಿಯದ್ದರಲ್ಲಿ ಚೆರಿ ಮುಂದೆ, ಮರ ಹಿಂದೆ, ಹುಳಿ ಮಧ್ಯದಲ್ಲಿ ಹದವಾಗಿ. ಅಲ್ಲೇ ತೀರ್ಮಾನ ಆಯಿತು. ಪೀಪಾಯಿಗೆ ಎರಡು ಜಾತಿ ಚೆರಿ ಬೆರೆಸಿದೆ. ಯಾವ ಜಾತಿ, ಯಾವ ಅಳತೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬೀಜ ತೆಗೆಯಲಿಲ್ಲ. ಕೊನೆಯಲ್ಲಿ ಬರುವ ತೆಳು ಬಾದಾಮಿ ವಾಸನೆ ಅದರದ್ದೇ. ಪಕ್ಕದಲ್ಲೇ ರಾಸ್ಪ್‌ಬೆರಿ ಕೂಡ ನೋಡಿದೆ. ಘಮ ಭರ್ಜರಿ, ಆದರೆ ಬಣ್ಣ ಬೇಗ ಇಟ್ಟಿಗೆಗೆ ತಿರುಗಿತು. ಏಪ್ರಿಕಾಟ್ ಕರಗಿ ಪೈಪ್ ಕಟ್ಟಿಕೊಂಡು ಒಂದಿಡೀ ಮಧ್ಯಾಹ್ನ ತಿಂದುಹಾಕಿತು. ರುಚಿ ಮಾತ್ರ ಸುಳ್ಳು ಹೇಳಬಾರದು, ಚೆನ್ನಾಗಿತ್ತು.

ಮೂರು ತಿಂಗಳಾದ ಮೇಲೆ, ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಗ್ರಾವಿಟಿ (ಸಾಂದ್ರತೆ) 1.002ರ ಸುತ್ತ ನಿಂತು ಅಲುಗಾಡದೆ ಇದ್ದಾಗ ಬಾಟಲಿಗೆ ಇಳಿಸಿದೆ. ಇಷ್ಟು ಹುಳಿಯಲ್ಲಿ ಹಳೇ ಯೀಸ್ಟ್ ಸುಸ್ತಾಗಿರುತ್ತದೆ, ಅದಕ್ಕೇ ಬಾಟಲಿಯೊಳಗೆ ಗ್ಯಾಸ್ ಬರಲಿ ಅಂತ ಶಾಂಪೇನ್ ಯೀಸ್ಟ್ ಹಾಕಿದೆ. ದಪ್ಪ ಗಾಜಿನ ಬಾಟಲಿಗೆ ದುಡ್ಡು ಜಾಸ್ತಿ ಆದರೂ ಅದೇ ತಗೊಂಡೆ. ಉಳಿದ ಚೆರಿ ಚರಟದ ಮೇಲೆ ಎಳೇ ಬಿಯರ್ ಸುರಿದಿಟ್ಟಿದ್ದೆ. ತೆಳು ಗುಲಾಬಿ ಬಣ್ಣ, ಹಗುರ ರುಚಿ, ಹಣ್ಣಿನ ಖರ್ಚು ಸೊನ್ನೆ. ಅದೇ ಮೊದಲು ಖಾಲಿಯಾಯಿತು.